ಮರದ ಮೇಣದಬತ್ತಿ ಸ್ಟ್ಯಾಂಡಿಗೆ ಮೆರುಗು: ಬೆಂಕಿಯನ್ನು ಮರೆಯದೆ ಕೆಲಸ ಮುಗಿಸುವ ಬಗೆ

ನಾನು ಮಾಡಿದ ಮೊದಲ ಮರದ ಮೇಣದಬತ್ತಿ ಸ್ಟ್ಯಾಂಡ್ ನೋಡಲು ಚೆನ್ನಾಗಿತ್ತು. ಒಂದು ತುಂಡು ಗಟ್ಟಿ ಮರ, ನಡುವೆ ಟೀ ಲೈಟ್ (ತೆಳು ಬಟ್ಟಲಿನಲ್ಲಿ ಬರುವ ಪುಟ್ಟ ಮೇಣದಬತ್ತಿ) ಕೂರುವಷ್ಟು ಕುಳಿ, ಮೇಲೆ ಮೂರು ಸಲ ಉಜ್ಜಿದ ಜೇನುಮೇಣದ ಪಾಲಿಷ್. ಕೆಲವು ತಿಂಗಳು ಬಳಸಿದ ಮೇಲೆ ಕುಳಿಯನ್ನು ಒರೆಸೋಣವೆಂದು ಖಾಲಿ ಬಟ್ಟಲನ್ನು ಎತ್ತಿದಾಗ, ಅಂಚಿನ ಒಂದು ಬದಿಯಲ್ಲಿ ಬಿದಿಗೆಯ ಚಂದ್ರನಂಥ ಕಂದು ಗೆರೆ ಕಾಣಿಸಿತು. ಉಗುರಿನಿಂದ ಕೆರೆದೆ, ಕಪ್ಪು ಪುಡಿ ಉದುರಿತು. ಅಲ್ಲಿ ಮರ ಇದ್ದಿಲಾಗತೊಡಗಿತ್ತು. ಒಂದು ದಿನವೂ ಹೊಗೆ ಕಂಡಿರಲಿಲ್ಲ, ಸುಟ್ಟ ವಾಸನೆಯೂ ಬಂದಿರಲಿಲ್ಲ.

ಅಂದಿನಿಂದ ನನ್ನ ಕೆಲಸದ ಕ್ರಮವೇ ತಿರುಗಿಹೋಗಿದೆ. ಮೊದಲು ಜ್ವಾಲೆ ಎಲ್ಲಿ ಇರುತ್ತದೆ ಎಂಬ ಲೆಕ್ಕ, ಆಮೇಲೆ ಅದನ್ನು ಹಿಡಿದಿಡುವ ಲೋಹದ ಬಟ್ಟಲು, ಆಮೇಲೆ ಮರ, ಕಟ್ಟಕಡೆಗೆ ಮೆರುಗು. ಮೆರುಗಿನ ಬಗ್ಗೆ ಬರೆಯಲು ಹೊರಟವನು ಮೆರುಗನ್ನು ಕೊನೆಗೆ ಇಡುತ್ತಿರುವುದಕ್ಕೆ ಕಾರಣವಿದೆ.

ಮೆರುಗಿನಿಂದ ಏನನ್ನು ನಿರೀಕ್ಷಿಸಬಾರದು

ಮರಗೆಲಸ ಮಾಡುವವರು ಆಗಾಗ ಕೇಳುವ ಪ್ರಶ್ನೆ: ಬೆಂಕಿ ಹತ್ತದಂತೆ ಮರಕ್ಕೆ ಏನು ಬಳಿಯಬೇಕು? ಎಣ್ಣೆ, ವಾರ್ನಿಷ್, ಮೇಣ, ಪಾಲಿಯುರಿಥೇನ್, ಯಾವುದನ್ನು ಬಳಿದರೂ ಮರ ಉರಿಯದ ವಸ್ತುವಾಗುವುದಿಲ್ಲ. ಒಣಗಿದ ಲೇಪವೂ ಉರಿಯುವ ವಸ್ತುವೇ. ಸುರಕ್ಷತೆ ಬರುವುದು ಜ್ವಾಲೆಗೂ ಮರಕ್ಕೂ ನಡುವಿನ ದೂರದಿಂದ ಮತ್ತು ಆ ದೂರದಲ್ಲಿ ನಿಂತಿರುವ ಲೋಹದಿಂದ ಅಥವಾ ಗಾಜಿನಿಂದ. ಮೆರುಗು ಮಾಡಬಹುದಾದದ್ದು ಇಷ್ಟೇ: ಆ ಏರ್ಪಾಡನ್ನು ಕೆಡಿಸದಿರುವುದು, ಕರಗಿದ ಮೇಣ ಮರದೊಳಗೆ ಇಳಿಯದಂತೆ ತಡೆಯುವುದು, ಮತ್ತು ತಾನೇ ಹೊಸ ಇಂಧನವಾಗಿ ಕೂರದಿರುವುದು.

ಇದು ಮನಸ್ಸಿಗೆ ಇಳಿಯಬೇಕಾದರೆ ಒಂದು ಮೇಣದಬತ್ತಿಯನ್ನು ಹಚ್ಚಿ, ಕೆಲವು ನಿಮಿಷ ಬಿಟ್ಟು ಊದಿ ಆರಿಸಿ. ಬತ್ತಿಯಿಂದ ಮೇಲೇಳುವ ಬಿಳಿ ಹೊಗೆಗೆ ತಕ್ಷಣ ಕಡ್ಡಿ ಗೀರಿ ಹಿಡಿದರೆ, ಜ್ವಾಲೆ ಹೊಗೆಯ ಜಾಡಿನಲ್ಲೇ ಕೆಳಗೆ ಹಾರಿ ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಉರಿಯುತ್ತಿರುವುದು ಘನ ಮೇಣವಲ್ಲ, ಅದರ ಆವಿ. ಮರದ ಕಥೆಯೂ ಹೀಗೆಯೇ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮರ ಶಾಖಕ್ಕೆ ವಿಘಟನೆಗೊಳ್ಳುತ್ತಾ ಉರಿಯುವ ಅನಿಲಗಳನ್ನು ಬಿಡತೊಡಗುತ್ತದೆ; 300ರ ಆಸುಪಾಸಿನಲ್ಲಿ ಇದ್ದಿಲಾಗುತ್ತದೆ. ಮೇಣದಬತ್ತಿಯ ಜ್ವಾಲೆಯಾದರೋ 1,000 ಡಿಗ್ರಿಯ ಸುತ್ತ ಇರುತ್ತದೆ, ಅದರ ಅತಿ ಬಿಸಿಯಾದ ಭಾಗ 1,400ರವರೆಗೂ ಹೋಗುತ್ತದೆ. ಜ್ವಾಲೆ ನೇರವಾಗಿ ತಾಕಿದರೆ ಯಾವ ಲೇಪವೂ ಉಳಿಯುವುದಿಲ್ಲ. ತಾಕದೆ ಹತ್ತಿರವಿದ್ದು, ದಿನವೂ ಗಂಟೆಗಟ್ಟಲೆ ಕಾಯಿಸುತ್ತಿದ್ದರೂ ಮರ ನಿಧಾನವಾಗಿ ಕಂದಾಗಿ, ಕಪ್ಪಾಗಿ, ಮೊದಲಿಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುವ ಸ್ಥಿತಿಗೆ ಇಳಿಯುತ್ತದೆ. ನನ್ನ ಮೊದಲ ಸ್ಟ್ಯಾಂಡಿನಲ್ಲಿ ಆಗುತ್ತಿದ್ದದ್ದು ಇದೇ.

ಅಗ್ನಿನಿರೋಧಕ ಲೇಪಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ಬಿಸಿ ತಾಕಿದಾಗ ನೊರೆಯಂತೆ ಉಬ್ಬಿ ಮರದ ಮೇಲೆ ಕವಚ ಕಟ್ಟುವ ಬಗೆಯ ಪಾರದರ್ಶಕ ಲೇಪಗಳು ಕಟ್ಟಡಗಳ ಗೋಡೆ, ಬಾಗಿಲು, ತೊಲೆಗಳಿಗಾಗಿ ತಯಾರಾಗುತ್ತವೆ. ಬೆಂಕಿ ಬಿದ್ದಾಗ ಜನರು ಹೊರಗೆ ಹೋಗಲು ಕೆಲವು ನಿಮಿಷ ಗಳಿಸಿಕೊಡುವುದು ಅವುಗಳ ಕೆಲಸ. ಒಮ್ಮೆ ಉಬ್ಬಿದರೆ ಅವುಗಳ ಆಯುಷ್ಯ ಮುಗಿಯಿತು. ಪ್ರತಿ ಸಂಜೆ ಉರಿಯುವ ದೀಪದ ಪಕ್ಕದಲ್ಲಿ ಅವು ಹೊಂದುವುದಿಲ್ಲ. ಬೋರಾಕ್ಸ್, ಬೋರಿಕ್ ಆಮ್ಲದ ನೀರಿನಲ್ಲಿ ಮರವನ್ನು ನೆನೆಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಮನೆಯಲ್ಲಿ ನೆನೆಸಿದರೆ ಅದು ಎಷ್ಟು ಆಳಕ್ಕೆ ಇಳಿಯಿತೆಂದು ತಿಳಿಯುವ ದಾರಿಯಿಲ್ಲ. ನೀರಿನಲ್ಲಿ ಕರಗಿದ್ದ ಆ ಲವಣ ಮೇಲಕ್ಕೆ ಬಂದು ಬಿಳಿಯ ಹುಡಿಯಾಗಿ ಮೆರುಗನ್ನು ಎಬ್ಬಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮರಕ್ಕೆ ರಕ್ಷಣೆಯಿದೆ ಎಂಬ ಹುಸಿ ಧೈರ್ಯವನ್ನು ಅದು ತಂದುಕೊಡುತ್ತದೆ. ಆ ಹಾದಿಯನ್ನು ನಾನು ಬಿಟ್ಟಿದ್ದೇನೆ, ನೀವೂ ಬಿಡಿ.

ಬಟ್ಟಲು, ಕುಳಿ, ಬುಡ

ಟೀ ಲೈಟಿನ ಅಡ್ಡಳತೆ ಸುಮಾರು 38 ಮಿಲಿಮೀಟರ್. ಅದಕ್ಕೆ 40 ಮಿಲಿಮೀಟರಿನ ಫಾರ್ಸ್ಟ್ನರ್ ಬಿಟ್‌ನಿಂದ (ಸಪಾಟು ತಳದ ದುಂಡು ಕುಳಿ ತೆಗೆಯುವ ಡ್ರಿಲ್ ಮೊನೆ) ಕುಳಿ ಕೊರೆದು, ತಗಡಿನ ಬಟ್ಟಲನ್ನು ನೇರವಾಗಿ ಮರದಲ್ಲಿ ಇಳಿಸುವುದು ಸಾಮಾನ್ಯ ಪದ್ಧತಿ. ನಾನು ಇನ್ನು ಹಾಗೆ ಮಾಡುವುದಿಲ್ಲ. ಟೀ ಲೈಟಿನ ಅಲ್ಯೂಮಿನಿಯಂ ತಗಡು ತೀರಾ ತೆಳುವು. ಬಿಸಿಯನ್ನು ಅಷ್ಟೇ ಬೇಗ ಆಚೆಗೆ ದಾಟಿಸುತ್ತದೆ. ಕೆಲವು ಟೀ ಲೈಟುಗಳು ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬರುತ್ತವೆ. ಮಿತಿಮೀರಿ ಕಾದರೆ ಅವು ಮೆತ್ತಗಾಗಿ ಆಕಾರ ಕೆಡುತ್ತವೆ. ಆದ್ದರಿಂದ ಮರಕ್ಕೂ ಟೀ ಲೈಟಿಗೂ ನಡುವೆ ಇನ್ನೊಂದು ಗಟ್ಟಿ ಬಟ್ಟಲು ಬೇಕು: ಹಿತ್ತಾಳೆಯದು, ಉಕ್ಕಿನದು ಅಥವಾ ಶಾಖ ತಡೆಯುವ ದಪ್ಪ ಗಾಜಿನದು. ಈ ಬಟ್ಟಲು ನಿಮ್ಮ ಕೈಗೆ ಬಂದ ಮೇಲೆಯೇ ಅದರ ಅಳತೆಗೆ ಕುಳಿ ಕೊರೆಯಿರಿ. ಕುಳಿ ಕೊರೆದು ಬಟ್ಟಲು ಹುಡುಕಲು ಹೊರಟವರು ಕಡೆಗೆ ಬಟ್ಟಲಿಲ್ಲದೆಯೇ ಕೆಲಸ ಮುಗಿಸುವುದನ್ನು ನೋಡಿದ್ದೇನೆ.

ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್ ಸಡಿಲ ಬಿಡಿ. ಗಾಳಿಯ ತೇವ ಏರಿಳಿದಂತೆ ಮರ ಹಿಗ್ಗಿ ಕುಗ್ಗುತ್ತದೆ. ಬಿಗಿಯಾಗಿ ಕೂರಿಸಿದ ಗಾಜು ಸೀಳುತ್ತದೆ, ಇಲ್ಲವೇ ಮರ ಸೀಳುತ್ತದೆ. ಬಟ್ಟಲಿನ ಬಾಯಿ ಮರದ ಮೇಲ್ಮೈಗಿಂತ ಎರಡು ಮೂರು ಮಿಲಿಮೀಟರ್ ಮೇಲೆ ನಿಲ್ಲಬೇಕು. ಹೊರಕ್ಕೆ ಮಡಿಚಿದ ಅಂಚಿರುವ ಬಟ್ಟಲಾದರೆ ಇನ್ನೂ ಒಳ್ಳೆಯದು, ಮರದ ಬಾಯಂಚನ್ನು ಅದೇ ಮುಚ್ಚಿಕೊಳ್ಳುತ್ತದೆ. ಮೇಣ ಮುಗಿಯುತ್ತಾ ಬಂದಂತೆ ಜ್ವಾಲೆ ಕೆಳಗಿಳಿಯುತ್ತದೆ, ಬತ್ತಿ ತೇಲಿಕೊಂಡು ಒಂದು ಬದಿಗೆ ವಾಲುತ್ತದೆ. ಉಕ್ಕೋ ಹಿತ್ತಾಳೆಯೋ ಅಲ್ಲಿ ನಿಂತಿರಬೇಕಾದದ್ದು ಆ ಕೊನೆಯ ಹತ್ತು ನಿಮಿಷಗಳಿಗಾಗಿ.

ಉದ್ದನೆಯ ಬತ್ತಿಗಳ ವಿಷಯ ಬೇರೆ. ಅವುಗಳ ಬುಡ ಸಾಮಾನ್ಯವಾಗಿ 22 ಮಿಲಿಮೀಟರಿನ ಸುತ್ತ ಇರುತ್ತದೆ. ಇವು ಉರಿದು ಉರಿದು ನೇರವಾಗಿ ಮರದ ಕುಳಿಯೊಳಗೇ ಇಳಿಯುವುದರಿಂದ, ನನ್ನ ಮಟ್ಟಿಗೆ ಬರಿಯ ಮರದ ಕುಳಿಯಲ್ಲಿ ಉದ್ದನೆಯ ಮೇಣದಬತ್ತಿ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯದ ವಿನ್ಯಾಸ. ಇಲ್ಲಿ ತಳವಿರುವ ಲೋಹದ ಕೊಳವೆ ಬೇಕು, ಅದರ ಬಾಯಿಯ ಸುತ್ತ ತೊಟ್ಟಿಕ್ಕುವ ಮೇಣವನ್ನು ಹಿಡಿಯುವ ಅಗಲ ತಟ್ಟೆಯೂ ಬೇಕು. ಮೇಣ ಹೀರಿದ ಮರ ಸ್ವತಃ ಬತ್ತಿಯಂತೆ ವರ್ತಿಸುತ್ತದೆ. ಹತ್ತಿಯ ನೂಲು ಮೇಣವನ್ನು ಹೇಗೆ ಮೇಲಕ್ಕೆಳೆಯುತ್ತದೆಯೋ, ಮರದ ಎಳೆಗಳೂ ಹಾಗೆಯೇ ಎಳೆಯುತ್ತವೆ.

ಒಂದೇ ಹಲಗೆಯಲ್ಲಿ ಸಾಲಾಗಿ ಟೀ ಲೈಟ್ ಕೂರಿಸುವುದಾದರೆ ಒಂದಕ್ಕೊಂದು ಏಳೆಂಟು ಸೆಂಟಿಮೀಟರ್ ಅಂತರವಿರಲಿ. ಒತ್ತೊತ್ತಾಗಿ ಇಟ್ಟ ದೀಪಗಳು ಒಂದನ್ನೊಂದು ಕಾಯಿಸುತ್ತವೆ. ಮೇಣ ಮಿತಿಮೀರಿ ಕಾದರೆ ಬತ್ತಿಯನ್ನು ಬಿಟ್ಟು ಬಟ್ಟಲಿನ ಇಡೀ ಮೇಲ್ಮೈಯೇ ಹೊತ್ತಿಕೊಳ್ಳುತ್ತದೆ.

ಇನ್ನು ಬುಡ. ಮೇಣದಬತ್ತಿ ಸ್ಟ್ಯಾಂಡಿನಂಥ ಸಲಕರಣೆಗಳ ಅಗ್ನಿಸುರಕ್ಷತೆಗಾಗಿಯೇ ಅಮೆರಿಕ ಮೂಲದ ಎ.ಎಸ್.ಟಿ.ಎಂ. ಸಂಸ್ಥೆಯ ಎಫ್2601 ಎಂಬ ಮಾನದಂಡವಿದೆ. ಮಾರಾಟಕ್ಕೆ ಮಾಡುವವರು ಅದನ್ನು ಓದಲೇಬೇಕು, ತಾವಿರುವ ದೇಶದ ನಿಯಮವನ್ನೂ ನೋಡಿಕೊಳ್ಳಬೇಕು. ಮನೆಯಲ್ಲಿ ನಾನು ಮಾಡುವ ಪರೀಕ್ಷೆ ಸರಳ: 30 ಸೆಂಟಿಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 5.2 ಸೆಂಟಿಮೀಟರ್ ಎತ್ತಿದರೆ 10 ಡಿಗ್ರಿ ಇಳಿಜಾರು ಸಿಗುತ್ತದೆ. ಹಚ್ಚದ ಮೇಣದಬತ್ತಿಯೊಂದಿಗೆ ಸ್ಟ್ಯಾಂಡನ್ನು ಅದರ ಮೇಲೆ ನಾಲ್ಕೂ ದಿಕ್ಕಿಗೆ ತಿರುಗಿಸಿ ಇಡುತ್ತೇನೆ. ಒಂದು ದಿಕ್ಕಿನಲ್ಲಿ ಉರುಳಿದರೂ ಬುಡವನ್ನು ಅಗಲ ಮಾಡುತ್ತೇನೆ. ಮೆರುಗು ಹಚ್ಚಿದ ಮೇಲೆ ಬುಡ ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ಈ ಪರೀಕ್ಷೆ ಮೊದಲೇ ಆಗಲಿ.

ಮರವನ್ನು ಸಿದ್ಧಮಾಡುವುದು

ಗಟ್ಟಿಯಾದ, ಒತ್ತಾದ ಎಳೆಗಳ, ಚೆನ್ನಾಗಿ ಒಣಗಿದ ಮರ ಆರಿಸಿಕೊಳ್ಳಿ. ರಾಳ ಒಸರುವ ಗಂಟುಗಳು ಕುಳಿಯ ಹತ್ತಿರ ಬೇಡವೇ ಬೇಡ. ಹುಳು ತಿಂದ, ಲಡ್ಡಾದ, ಸ್ಪಂಜಿನಂತಾದ ಮರದ ಬಣ್ಣ ಎಷ್ಟೇ ಚೆಲುವಾಗಿದ್ದರೂ ಕಿಡಿ ಬಿದ್ದರೆ ಅದು ಒಳಗೊಳಗೇ ಹೊಗೆಯಾಡುತ್ತದೆ. ತೊಗಟೆಯನ್ನು ಅಲಂಕಾರಕ್ಕೆಂದು ಉಳಿಸುವವರಿದ್ದಾರೆ. ಒಣಗಿದ ತೊಗಟೆಯ ಪದರಗಳು ಕಡ್ಡಿಯಂತೆ ಹೊತ್ತುತ್ತವೆ, ಮೇಲ್ಭಾಗದಲ್ಲಾದರೂ ಅದನ್ನು ಸುಲಿದುಹಾಕಿ. ಹಳೆಯ ಬಣ್ಣ ಬಳಿದ ಮರದಲ್ಲಿ ಸೀಸ ಇರಬಹುದು, ಗೆದ್ದಲು ತಡೆಗೆ ಸಂಸ್ಕರಿಸಿದ ಹಳೆಯ ಮರದಲ್ಲಿ ಆರ್ಸೆನಿಕ್ ಇರಬಹುದು. ಅವುಗಳನ್ನು ಉಜ್ಜುವುದೂ ಕಾಯಿಸುವುದೂ ತಪ್ಪು.

ಉಪ್ಪುಕಾಗದವನ್ನು 80ನೆಯ ಸಂಖ್ಯೆಯಿಂದ (ಸಂಖ್ಯೆ ಏರಿದಷ್ಟೂ ಕಾಗದ ನಯ) ಶುರುಮಾಡಿ 120, 180 ದಾಟಿ 220ಕ್ಕೆ ನಿಲ್ಲಿಸಿದರೆ ಸಾಕು. ಕುಳಿಯ ಒಳಗೋಡೆಗೆ ಮಾತ್ರ ಹೆಚ್ಚಿನ ಗಮನ ಬೇಕು. ದುಂಡಗೆ ಕೊರೆದಾಗ ಎಳೆಗಳು ಎರಡು ಕಡೆ ಅಡ್ಡಕ್ಕೆ ತುಂಡಾಗುತ್ತವೆ, ಅಲ್ಲಿ ನವಿರಾದ ನಾರುಗಳು ಎದ್ದು ನಿಲ್ಲುತ್ತವೆ. ಆ ನಾರೇ ಮೊದಲು ಕಿಡಿ ಹಿಡಿಯುವ ಜಾಗ. ಒಂದು ಕೋಲಿಗೆ ಉಪ್ಪುಕಾಗದ ಸುತ್ತಿ ಒಳಗನ್ನು ನುಣ್ಣಗೆ ಮಾಡಿ, ಬಾಯಂಚಿನ ಚೂಪನ್ನು ಎರಡು ಮಿಲಿಮೀಟರಿನಷ್ಟು ದುಂಡಗೆ ತೆಗೆಯಿರಿ. ತೆಳ್ಳನೆಯ ಚೂಪು ಅಂಚು ದಪ್ಪ ಮರಕ್ಕಿಂತ ಬೇಗ ಕಾಯುತ್ತದೆ, ಮೆರುಗೂ ಅದರ ಮೇಲೆ ನಿಲ್ಲುವುದಿಲ್ಲ. ಆಮೇಲೆ ಪುಡಿಯನ್ನು ಪೂರ್ತಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಒಣಗಿದಾಗ ಎದ್ದ ನಾರನ್ನು 220ರಲ್ಲಿ ಹಗುರವಾಗಿ ಉಜ್ಜಿ.

ಯಾವ ಮೆರುಗು?

ಮೇಣದ ಪಾಲಿಷ್‌ನಿಂದಲೇ ಆರಂಭಿಸುತ್ತೇನೆ, ನಾನು ಎಡವಿದ್ದು ಅಲ್ಲಿಯೇ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ. ದೀಪದ ಪಕ್ಕದ ಮರ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಕರಗಿದ ಮೇಣ ಎಳೆಗಳೊಳಗೆ ಇಳಿಯುತ್ತದೆ, ಮೇಲ್ಮೈ ಅಂಟಂಟಾಗುತ್ತದೆ, ನಾವು ಮತ್ತೆ ಹಚ್ಚುತ್ತೇವೆ, ಅದೂ ಇಳಿಯುತ್ತದೆ. ಹೀಗೆ ಜ್ವಾಲೆಯ ಬುಡದಲ್ಲೇ ಇಂಧನ ತುಂಬಿಸಿದಂತಾಯಿತು. ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೂಬಾ ಮೇಣ 82ರಿಂದ 86 ಡಿಗ್ರಿಯವರೆಗೆ ತಡೆಯುತ್ತದೆ. ಬುಡಕ್ಕೆ, ಹೊರಮೈಗೆ ಅದನ್ನು ತೆಳುವಾಗಿ ಉಜ್ಜಬಹುದು. ಕುಳಿಯ ಸುತ್ತಮುತ್ತ ಅದೂ ಬೇಡ.

ಅರಗಿನಿಂದ ಮಾಡಿದ ಫ್ರೆಂಚ್ ಪಾಲಿಷ್ ನೋಡಲು ಬಹಳ ಸೊಗಸು. ನನಗೂ ಅದರ ಮೇಲೆ ಮೋಹವಿದೆ. ಆದರೆ ಅರಗು 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬಿಸಿ ಬಟ್ಟಲಿಗೆ ಅಂಟಿಕೊಳ್ಳುತ್ತದೆ. ಎತ್ತರದ ಸ್ಟ್ಯಾಂಡಿನ ಕಂಬಕ್ಕೆ, ಬುಡಕ್ಕೆ ಬಳಸಿ. ದೀಪ ಕೂರುವ ತಲೆಗೆ ಬಳಸಬೇಡಿ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಅದರ ದ್ರವ ಬೇಗ ಹೊತ್ತಿಕೊಳ್ಳುತ್ತದೆ, ಒಣಗಿದ ಪದರವೂ ಬೆಂಕಿಗೆ ಸುಲಭದ ತುತ್ತು.

ದೀಪ ಕೂರುವ ಮರಕ್ಕೆ ನನ್ನ ಆಯ್ಕೆ ಎರಡೇ. ಒಂದು, ನೀರು ಆಧಾರಿತ ಪಾಲಿಯುರಿಥೇನ್. ಇದು ಗಟ್ಟಿಯಾದ ತೆಳು ಪದರ ಕಟ್ಟುತ್ತದೆ, ಚೆಲ್ಲಿದ ಮೇಣವನ್ನು ಒಳಗೆ ಬಿಡುವುದಿಲ್ಲ, ಗಟ್ಟಿಯಾದ ಮೇಣವನ್ನು ಉಗುರಿನಿಂದ ಎಬ್ಬಿಸಿದರೆ ಬಿಲ್ಲೆಯಂತೆ ಬರುತ್ತದೆ. ದ್ರವದಲ್ಲಿ ಹೆಚ್ಚಿನ ಪಾಲು ನೀರು ಇರುವುದರಿಂದ ಹಚ್ಚುವಾಗಲೂ ಬೆಂಕಿಯ ಭಯ ಕಡಿಮೆ, ಮುಂದೆ ಹೇಳಲಿರುವ ಎಣ್ಣೆ ಬಟ್ಟೆಯ ಕಾಟವೂ ಇಲ್ಲ. ಮೊದಲ ಬಾರಿಗೆ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಎರಡನೆಯದು, ಪೂರ್ತಿ ಗಟ್ಟಿಯಾಗುವ ಎಣ್ಣೆ: ಅಗಸೆ ಎಣ್ಣೆ ಅಥವಾ ಟಂಗ್ ಮರದ ಬೀಜದಿಂದ ತೆಗೆದ ಟಂಗ್ ಎಣ್ಣೆ. ಮರದ ಬಣ್ಣ, ಎಳೆಗಳ ಆಳ ಇದರಲ್ಲಿ ಅರಳಿದಂತೆ ಬೇರೆ ಯಾವುದರಲ್ಲೂ ಅರಳುವುದಿಲ್ಲ. ಆದರೆ ಇದು ಶಿಸ್ತು ಕೇಳುತ್ತದೆ. ಅದನ್ನು ಮುಂದೆ ಹೇಳುತ್ತೇನೆ. ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಆಯಿಲ್ ಎಂದೂ ಒಣಗುವುದಿಲ್ಲ, ಮರದಲ್ಲಿ ದ್ರವವಾಗಿಯೇ ಉಳಿಯುತ್ತದೆ, ಹಾಗಾಗಿ ಅದನ್ನು ಬಿಟ್ಟುಬಿಡಿ.

ಅಲಂಕಾರದ ವಿಷಯದಲ್ಲಿ ನಾನು ತುಸು ಕಟುವಾಗಿಯೇ ಮಾತನಾಡುತ್ತೇನೆ. ಕುಳಿಯ ಸುತ್ತ ಸೆಣಬಿನ ದಾರ, ಒಣಹೂವು, ಅಂಟಿಸಿದ ಚಿತ್ರಕಾಗದ, ಲೇಸು, ಮಿನುಗು ಪುಡಿ ಇವು ಯಾವುವೂ ಇರಕೂಡದು. ಬಿರುಕಿಗೆ ತುಂಬುವ ಸಾಮಾನ್ಯ ಎಪಾಕ್ಸಿ ರಾಳ 50ರಿಂದ 60 ಡಿಗ್ರಿಗೇ ಮೆತ್ತಗಾಗತೊಡಗಬಹುದು, ಬೆಂಕಿ ತಾಕಿದರೆ ಕಪ್ಪು ಹೊಗೆ ಬಿಟ್ಟು ಉರಿಯುತ್ತದೆ. ಚೆಲುವು ಬೇಕಾದರೆ ಅದನ್ನು ಬುಡದಲ್ಲಿ, ಕೆತ್ತನೆಯಲ್ಲಿ, ಮರದ ಎಳೆಯಲ್ಲೇ ತೋರಿಸಿ.

ಹಚ್ಚುವ ಕ್ರಮ

ಗಾಳಿಯಾಡುವ ಜಾಗ ನೋಡಿಕೊಳ್ಳಿ. ಒಲೆ, ಉರಿಯುತ್ತಿರುವ ದೀಪ, ಸಿಗರೇಟು, ಕಿಡಿ ಹಾರಿಸುವ ಯಂತ್ರ ಯಾವುದೂ ಸಮೀಪ ಇರಬಾರದು. ಟರ್ಪೆಂಟೈನ್, ಸ್ಪಿರಿಟ್ ಇವುಗಳ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಕೈಗವಸು ಹಾಕಿಕೊಳ್ಳಿ.

ಪಾಲಿಯುರಿಥೇನ್ ಆದರೆ ಡಬ್ಬಿಯನ್ನು ಕುಲುಕದೆ ನಿಧಾನವಾಗಿ ಕಲಕಿ. ಕುಲುಕಿದರೆ ಗುಳ್ಳೆಗಳು ಲೇಪದಲ್ಲೇ ಉಳಿದುಬಿಡುತ್ತವೆ. ತೆಳುವಾಗಿ ಒಂದು ಲೇಪ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ, 320ರ ಕಾಗದದಲ್ಲಿ ಮೆಲ್ಲನೆ ಸವರಿ, ಪುಡಿ ಒರೆಸಿ ಎರಡನೆಯದು ಹಚ್ಚಿ. ಹೊರಮೈಗೆ ಮೂರು ಲೇಪ ಸಾಕು. ಕುಳಿಯೊಳಗೆ ಎರಡು, ಅವೂ ತೆಳು. ತಳದ ಮೂಲೆಯಲ್ಲಿ ಲೇಪ ಮಡುಗಟ್ಟದಂತೆ ಒಣ ಬ್ರಷ್ಷಿನಿಂದ ಎತ್ತಿಬಿಡಿ. ಮಡುಗಟ್ಟಿದ ಲೇಪ ಮೇಲೆ ಕೆನೆ ಕಟ್ಟಿ, ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಎಣ್ಣೆಯಾದರೆ ಬಟ್ಟೆಯಿಂದ ಧಾರಾಳವಾಗಿ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿಸಿದ ಎಣ್ಣೆಯನ್ನೆಲ್ಲ ಒಣಬಟ್ಟೆಯಿಂದ ತೆಗೆಯಿರಿ. ಕೈಗೆ ಅಂಟದಷ್ಟು ಒರೆಸಬೇಕು. ಕುಳಿಯೊಳಕ್ಕೆ ಎಣ್ಣೆ ಸುರಿಯಬೇಡಿ. ಬಟ್ಟೆಯಲ್ಲಿ ಉಳಿದ ಪಸೆಯಿಂದಲೇ ಒಮ್ಮೆ ಸವರಿ. ಅಡ್ಡ ಕತ್ತರಿಸಿದ ಎಳೆಗಳು ಎಣ್ಣೆಯನ್ನು ಗಟಗಟನೆ ಕುಡಿದು, ಆಮೇಲೆ ಒಂದೆರಡು ಗಂಟೆ ಹೊರಗೆ ಒಸರುತ್ತಲೇ ಇರುತ್ತವೆ. ಆ ಹೊತ್ತಿನಲ್ಲಿ ಮೂರು ನಾಲ್ಕು ಸಲ ಬಂದು ಒರೆಸಬೇಕು. ಒಂದು ದಿನ ಬಿಟ್ಟು ಮುಂದಿನ ಲೇಪ, ಒಟ್ಟು ಎರಡು ಅಥವಾ ಮೂರು.

ಎಣ್ಣೆ ಬಟ್ಟೆ: ಕಿಡಿಯಿಲ್ಲದೆ ಹತ್ತುವ ಬೆಂಕಿ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಅಗಸೆ ಎಣ್ಣೆ ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ, ಆ ಕೂಡಿಕೆಯಲ್ಲಿ ಶಾಖ ಹುಟ್ಟುತ್ತದೆ. ಹಲಗೆಯ ಮೇಲೆ ತೆಳುವಾಗಿ ಹರಡಿದ್ದಾಗ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಶಾಖಕ್ಕೆ ಹೊರದಾರಿಯಿಲ್ಲ. ಬಿಸಿ ಏರಿದಷ್ಟೂ ಕ್ರಿಯೆ ವೇಗವಾಗುತ್ತದೆ, ವೇಗವಾದಷ್ಟೂ ಬಿಸಿ ಏರುತ್ತದೆ. ಕೆಲವೇ ಗಂಟೆಗಳಲ್ಲಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬೇಗ ಒಣಗಲೆಂದು ಲೋಹದ ಲವಣ ಸೇರಿಸಿದ, ಕುದಿಸಿದ ಅಗಸೆ ಎಣ್ಣೆ ಎಂಬ ಹೆಸರಿನಲ್ಲಿ ಬರುವ ಎಣ್ಣೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದ ವನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡದಲ್ಲಿ ಬೆಂಕಿ ಎದ್ದದ್ದು ಹೀಗೆಯೇ. 22ನೆಯ ಮಹಡಿಯಲ್ಲಿ ಮರಕ್ಕೆ ಮೆರುಗು ಕೊಡುವ ಕೆಲಸ ನಡೆದಿತ್ತು. ಅಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳು ತಾವಾಗಿ ಹೊತ್ತಿಕೊಂಡವು. ಎಂಟು ಮಹಡಿಗಳು ಸುಟ್ಟವು, ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. 30ನೆಯ ಮಹಡಿಯಲ್ಲಿ ನೀರು ಚಿಮುಕಿಸುವ ವ್ಯವಸ್ಥೆ ಇದ್ದದ್ದರಿಂದ ಬೆಂಕಿ ಅಲ್ಲಿಗೆ ನಿಂತಿತು. ನಮ್ಮ ಕೆಲಸದ ಮೇಜಿನ ಮೇಲಿರುವುದು ಅದೇ ಎಣ್ಣೆ.

ಆದ್ದರಿಂದ ಒರೆಸಿದ ಬಟ್ಟೆಯನ್ನು ಕೈಯಿಂದ ಕೆಳಗಿಡುವ ಮೊದಲೇ ಅದರ ಗತಿ ತೀರ್ಮಾನವಾಗಿರಬೇಕು. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ, ಬಟ್ಟೆ ಪೂರ್ತಿ ಮುಳುಗುವಂತೆ ಹಾಕಿ ಮುಚ್ಚುವುದು ಒಂದು ದಾರಿ. ಹೊರಗೆ, ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ಒಂದರ ಮೇಲೊಂದು ಬೀಳದಂತೆ ಒಂಟಿ ಪದರವಾಗಿ ಹರಡಿ, ಕಾಗದದಂತೆ ಬಿರುಸಾಗುವವರೆಗೆ ಒಣಗಿಸುವುದು ಇನ್ನೊಂದು. ಕೈ ಒರೆಸಿದ ಕಾಗದ, ಉಜ್ಜಿದ ಉಪ್ಪುಕಾಗದ, ಎಣ್ಣೆ ತಾಕಿದ ಮರದ ಪುಡಿ, ಕೆಲಸದ ಅಂಗಿಯ ತೋಳು ಎಲ್ಲಕ್ಕೂ ಇದೇ ನಿಯಮ. ಕಸದ ಬುಟ್ಟಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, ಮಂಕರಿಯಲ್ಲಿ ಮಡಚಿಟ್ಟು ಮಲಗಲು ಹೋಗಬೇಡಿ.

ಕಾಯುವುದು

ಕೈಗೆ ಒಣಗಿದಂತೆ ಕಂಡ ಲೇಪ ಪಕ್ವವಾಗಿರುವುದಿಲ್ಲ. ನೀರು ಆಧಾರಿತ ಪಾಲಿಯುರಿಥೇನಿಗೆ ಮೂರು ನಾಲ್ಕು ವಾರ, ಎಣ್ಣೆಗೆ ಕಡಿಮೆಯೆಂದರೂ ಒಂದು ತಿಂಗಳು ಬಿಡಿ. ಚಳಿ, ತೇವ ಹೆಚ್ಚಿದ್ದರೆ ಇನ್ನೂ ಹೆಚ್ಚು. ಮೂಗನ್ನು ಕುಳಿಯ ಹತ್ತಿರ ತನ್ನಿ. ವಾಸನೆ ಬರುತ್ತಿದ್ದರೆ ಇನ್ನೂ ಏನೋ ಆವಿಯಾಗುತ್ತಿದೆ ಎಂದರ್ಥ, ಅಲ್ಲಿ ಕಡ್ಡಿ ಗೀರುವ ಕಾಲ ಬಂದಿಲ್ಲ. ಯಾರಿಗೋ ಉಡುಗೊರೆ ಕೊಡುವ ಅವಸರದಲ್ಲಿ ಮೂರೇ ದಿನಕ್ಕೆ ಮೇಣದಬತ್ತಿ ಹಚ್ಚುವ ಆಸೆ ನನಗೂ ಬಂದದ್ದಿದೆ. ಅಂಥ ಹೊತ್ತಿನಲ್ಲಿ ಬ್ಯಾಟರಿಯ ದೀಪ ಇಟ್ಟು ಕೊಡುತ್ತೇನೆ.

ಬಟ್ಟಲನ್ನು ಕೂರಿಸುವುದು ಲೇಪ ಪಕ್ವವಾದ ಮೇಲೆಯೇ. ಬಿಸಿಯಾಗಿ ಕರಗಿಸಿ ಹಚ್ಚುವ ಅಂಟು, ಮರದ ಬಿಳಿ ಅಂಟು, ಕ್ಷಣದಲ್ಲಿ ಹಿಡಿಯುವ ಅಂಟು ಎಲ್ಲವೂ ಶಾಖಕ್ಕೆ ಸಡಿಲವಾಗುತ್ತವೆ. ಬಟ್ಟಲಿನ ತಳದಲ್ಲಿ ಒಂದು ಸಣ್ಣ ತಿರುಪು ಹಾಕುವುದೇ ನನಗೆ ಎಲ್ಲಕ್ಕಿಂತ ಇಷ್ಟ. ತಿರುಪು ಸಾಧ್ಯವಿಲ್ಲದ ಗಾಜಿನ ಬಟ್ಟಲಾದರೆ ಅಂಟೇ ಬೇಡ. ತಾನಾಗಿ ಕೂತಿರಲಿ, ತೊಳೆಯಲೂ ಸುಲಭ. ಅಂಟಿಸಲೇಬೇಕಾದರೆ ಹೆಚ್ಚಿನ ಶಾಖಕ್ಕೆಂದು ಗುರುತಿಸಿದ ಸಿಲಿಕೋನನ್ನು ಮೂರು ಚುಕ್ಕಿಗಳಷ್ಟು ಬಳಸಿ.

ಉರಿಸಿ ನೋಡುವುದು

ಪರೀಕ್ಷೆ ನಡೆಯುವಷ್ಟೂ ಹೊತ್ತು ನೀವು ಅಲ್ಲಿಯೇ ಕೂರಬೇಕು. ಟೀ ಲೈಟ್ ಒಂದು ಪೂರ್ತಿ ಉರಿಯಲು ಸುಮಾರು ನಾಲ್ಕು ಗಂಟೆ ಬೇಕು. ಅಷ್ಟು ಬಿಡುವಿರುವ ದಿನವನ್ನೇ ಆರಿಸಿ. ಸ್ಟ್ಯಾಂಡನ್ನು ಕಲ್ಲಿನ ಹಾಸಿನ ಅಥವಾ ಟೈಲ್ಸಿನ ಮೇಲಿಡಿ, ಸುತ್ತ 30 ಸೆಂಟಿಮೀಟರಿನೊಳಗೆ ಉರಿಯುವ ವಸ್ತು ಯಾವುದೂ ಇರದಿರಲಿ. ಪಕ್ಕದಲ್ಲಿ ದೊಡ್ಡದೊಂದು ಲೋಹದ ಮುಚ್ಚಳವಿರಲಿ. ಅಗ್ನಿಶಾಮಕ ಸಿಲಿಂಡರ್ ಇದ್ದರೆ ಅದನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಬಟ್ಟಲಿನ ಮೇಣ ಹೊತ್ತಿಕೊಂಡರೆ ನೀರು ಹಾಕಲೇಬಾರದು. ಕುದಿಯುವ ಮೇಣದೊಳಗೆ ಇಳಿದ ನೀರು ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಮೇಣವನ್ನು ಮುಖದೆತ್ತರಕ್ಕೆ ಎರಚುತ್ತದೆ. ಮುಚ್ಚಳ ಹಾಕಿ ಗಾಳಿ ತಪ್ಪಿಸಿ, ತಣ್ಣಗಾಗುವವರೆಗೆ ತೆರೆಯಬೇಡಿ.

ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ ಹಚ್ಚಿ. ಅರ್ಧ ಗಂಟೆಗೊಮ್ಮೆ ಕುಳಿಯ ಬಾಯಂಚಿನ ಮರವನ್ನು ಬೆರಳಿನಿಂದ ಮುಟ್ಟಿ ನೋಡಿ. ಐದು ಎಣಿಸುವವರೆಗೆ ಬೆರಳು ನಿಲ್ಲುತ್ತಿದ್ದರೆ ಸರಿ. ಚಟಕ್ಕನೆ ತೆಗೆಯುವಂತಾದರೆ ಆರಿಸಿಬಿಡಿ, ವಿನ್ಯಾಸ ಬದಲಾಗಬೇಕು. ಮುಟ್ಟದೆ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ 60 ಡಿಗ್ರಿಯನ್ನು ಗಡಿಯಾಗಿಟ್ಟುಕೊಳ್ಳಿ. ಇದು ನಾನು ನನಗೇ ಹಾಕಿಕೊಂಡ ಗಡಿ. ಜೇನುಮೇಣವೂ ಕರಗದ ಬಿಸಿ ಅದು. ಆ ಉಪಕರಣವನ್ನು ಮರದ ಕಡೆಗೇ ಹಿಡಿಯಿರಿ. ಹೊಳೆಯುವ ಹಿತ್ತಾಳೆಗೆ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಬಟ್ಟಲು ತಣ್ಣಗಿದೆ ಎಂದು ನಂಬಿ ಕೈ ಸುಟ್ಟುಕೊಳ್ಳುತ್ತೀರಿ.

ಮೊದಲ ಮೂರು ಗಂಟೆಯಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಬೇಸರವಾಗಿ ಎದ್ದುಹೋಗುವವರು ಈ ಹೊತ್ತಿನಲ್ಲೇ ಹೋಗುತ್ತಾರೆ. ನೋಡಬೇಕಾದದ್ದು ಕೊನೆಯ ಅರ್ಧ ಗಂಟೆ: ಮೇಣವೆಲ್ಲ ದ್ರವವಾಗಿ, ಬತ್ತಿ ತನ್ನ ತಗಡಿನ ಬಿಲ್ಲೆಯೊಂದಿಗೆ ಜಾರಿ ಅಂಚಿಗೆ ಬಂದು, ಜ್ವಾಲೆ ಬಟ್ಟಲಿನ ಗೋಡೆಯನ್ನು ನೆಕ್ಕುವ ಹೊತ್ತು. ಅದು ಯಾವ ಕಡೆ ವಾಲುತ್ತದೋ ಆ ಕಡೆಯ ಮರವನ್ನು ಮುಟ್ಟಿ. ಮತ್ತೊಂದು ಟೀ ಲೈಟ್ ಹಚ್ಚಿ, ತೆರೆದ ಕಿಟಕಿಯ ಬಳಿ ಗಾಳಿ ಬೀಸುವಾಗ ಜ್ವಾಲೆ ಎತ್ತ ಬಾಗುತ್ತದೆ, ಮರದ ಕಡೆಗೆ ಎಷ್ಟು ದೂರ ಚಾಚುತ್ತದೆ ಎಂದೂ ನೋಡಿ. ಆರಿ ಪೂರ್ತಿ ತಣ್ಣಗಾದ ಮೇಲೆ ಬಟ್ಟಲನ್ನು ಎತ್ತಿ ಕುಳಿಯನ್ನು ಬೆಳಕಿಗೆ ಹಿಡಿಯಿರಿ. ಬಣ್ಣ ಬದಲಾಗಿರಬಾರದು, ಲೇಪದಲ್ಲಿ ಗುಳ್ಳೆ ಎದ್ದಿರಬಾರದು, ಬಟ್ಟಲಿಗೆ ಲೇಪ ಅಂಟಿರಬಾರದು, ಹೊಸ ಬಿರುಕು ಕಾಣಬಾರದು. ಇಂಥ ಮೂರು ಉರಿಸುವಿಕೆ ದಾಟಿದ ಸ್ಟ್ಯಾಂಡನ್ನು ಮಾತ್ರ ನಾನು ಮನೆಯೊಳಗೆ ಬಳಸುತ್ತೇನೆ.

ಬೇರೆಯವರ ಕೈಗೆ ಕೊಡುವಾಗ

ನೀವು ಇಷ್ಟೆಲ್ಲ ತಿಳಿದು ಮಾಡಿದ್ದು ಪಡೆದವರಿಗೆ ಗೊತ್ತಿರುವುದಿಲ್ಲ. ಅವರು ಲೋಹದ ಬಟ್ಟಲನ್ನು ತೆಗೆದಿಟ್ಟು, ಕುಳಿಗೆ ಸರಿಹೊಂದುವ ದಪ್ಪ ಮೇಣದಬತ್ತಿಯನ್ನು ನೇರವಾಗಿ ಇಳಿಸಬಹುದು. ಅದಕ್ಕೇ ನಾನು ಬುಡದ ಅಡಿಯಲ್ಲಿ, ಮೆರುಗಿಗೆ ಮೊದಲೇ, ಬಿಸಿ ಮೊನೆಯಿಂದ ನಾಲ್ಕು ಸಾಲು ಬರೆಯುತ್ತೇನೆ: ಬಟ್ಟಲಿಲ್ಲದೆ ಹಚ್ಚಬೇಡಿ; ಟೀ ಲೈಟ್ ಮಾತ್ರ ಬಳಸಿ; ಒಂದು ಸಲಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಬೇಡ; ಕೋಣೆ ಬಿಡುವಾಗ ಆರಿಸಿ. ಕಾಗದದ ಚೀಟಿ ಕಳೆದುಹೋಗುತ್ತದೆ, ಮರದ ಮೇಲಿನ ಬರಹ ಉಳಿಯುತ್ತದೆ. ಬಟ್ಟಲಿನಲ್ಲಿ ಕಡ್ಡಿಯ ತುಂಡು, ಕತ್ತರಿಸಿದ ಬತ್ತಿಯ ಚೂರು ಬೀಳದಂತೆ ನೋಡಿಕೊಳ್ಳಲು ಬಾಯಲ್ಲಿ ಹೇಳಿ ಕೊಡುತ್ತೇನೆ; ಮೇಣದಲ್ಲಿ ಬಿದ್ದ ಒಂದು ಚೂರು ಎರಡನೆಯ ಬತ್ತಿಯಾಗಿಬಿಡುತ್ತದೆ.

ತಿಂಗಳಿಗೊಮ್ಮೆ ಬಟ್ಟಲನ್ನೆತ್ತಿ ನೋಡಿ. ಚೆಲ್ಲಿದ ಮೇಣವನ್ನು ಕಾಯಿಸಿ ಕರಗಿಸಬೇಡಿ, ಅದು ಇನ್ನೂ ಆಳಕ್ಕೆ ಇಳಿಯುತ್ತದೆ; ತಣ್ಣಗಿರುವಾಗ ಮೊಂಡು ಚಾಕುವಿನಿಂದ ಎಬ್ಬಿಸಿ. ಲೇಪ ಸವೆದಿದ್ದರೆ ಹಗುರವಾಗಿ ಉಜ್ಜಿ ಮತ್ತೊಂದು ಲೇಪ ಹಚ್ಚಿ, ಮತ್ತೆ ಅಷ್ಟೇ ವಾರ ಕಾಯಿರಿ. ಕಂದು ಗೆರೆ ಕಂಡರೆ ಅದರ ಮೇಲೆ ಲೇಪ ಹಚ್ಚಿ ಮುಚ್ಚುವುದು ಬೇಡ. ಇದ್ದಿಲಾದ ಪದರವನ್ನು ಪೂರ್ತಿ ಕೆರೆದು ತೆಗೆದು, ಕುಳಿಯನ್ನು ಅಗಲ ಮಾಡಿ, ದೊಡ್ಡ ಲೋಹದ ಬಟ್ಟಲು ಕೂರಿಸಿ, ಉರಿಸುವ ಪರೀಕ್ಷೆಯನ್ನು ಮೊದಲಿನಿಂದ ಮಾಡಿ. ಅಷ್ಟು ಅಗಲ ಮಾಡಲು ಮರ ಸಾಲದಿದ್ದರೆ ಅದರಲ್ಲಿ ಬೆಂಕಿ ಇಡುವುದನ್ನು ನಿಲ್ಲಿಸಿ. ನನ್ನ ಮೊದಲ ಸ್ಟ್ಯಾಂಡಿನಲ್ಲಿ ಮರ ಸಾಲಲಿಲ್ಲ. ಅದು ಈಗ ಮೇಜಿನ ಮೇಲೆ ತಿರುಪುಗಳನ್ನು ಹಾಕಿಡುವ ಬಟ್ಟಲಾಗಿದೆ.